ಲಸಿಕೆ, ಪರೀಕ್ಷೆ, ಮಾಸ್ಕ್: ಸ್ಥಳೀಯ ಆರೋಗ್ಯ ಇಲಾಖೆಗಳ ಕೋವಿಡ್ ಮಾಹಿತಿ ಸೇವೆಯ ವಿಮರ್ಶೆ

ಕೋವಿಡ್-19 ಪಿಡುಗಿನ ವರ್ಷಗಳಲ್ಲಿ ಲೋಕದ ನಾನಾ ದೇಶಗಳ ನಗರ, ಜಿಲ್ಲೆ ಮತ್ತು ಪ್ರಾಂತ್ಯಗಳ ಆರೋಗ್ಯ ಇಲಾಖೆಗಳು ಅದುವರೆಗೆ ಅಷ್ಟು ದೊಡ್ಡ ಪ್ರಮಾಣದಲ್ಲಿ ಮಾಡಿರದ ಒಂದು ಕೆಲಸವನ್ನು ಕೈಗೆತ್ತಿಕೊಳ್ಳಬೇಕಾಯಿತು. ಸುತ್ತಮುತ್ತ ಸೋಂಕು ಎಷ್ಟಿದೆ, ಲಸಿಕೆ ಯಾರಿಗೆ, ಎಲ್ಲಿ, ಯಾವಾಗ ಸಿಗುತ್ತದೆ, ಪರೀಕ್ಷೆಯನ್ನು ಯಾರು ಮಾಡಿಸಿಕೊಳ್ಳಬೇಕು, ಮಾಸ್ಕನ್ನು ಎಲ್ಲೆಲ್ಲಿ ಧರಿಸಬೇಕು ಎಂಬುದನ್ನು ದಿನಂಪ್ರತಿ ಇಲ್ಲವೇ ವಾರಕ್ಕೊಮ್ಮೆ ಪತ್ರಿಕಾ ಪ್ರಕಟಣೆ, ನೇರಪ್ರಸಾರದ ಗೋಷ್ಠಿ, ಜಾಲತಾಣದ ಪುಟ, ಸಹಾಯವಾಣಿ ಮತ್ತು ಮೊಬೈಲ್ ಸಂದೇಶಗಳ ಮೂಲಕ ಜನರಿಗೆ ತಲುಪಿಸುವುದೇ ಆ ಕೆಲಸ. ಔಷಧದಂತೆ, ಆಸ್ಪತ್ರೆಯ ಹಾಸಿಗೆಯಂತೆ ಇದೂ ಒಂದು ಸೇವೆಯೇ ಆಗಿತ್ತು. ಆದ್ದರಿಂದ ಅದು ಚೆನ್ನಾಗಿತ್ತೇ, ಬಳಸಿದವರಿಗೆ ಉಪಯೋಗವಾಯಿತೇ ಎಂದು ತೂಗಿ ನೋಡುವ ಹಕ್ಕು ಬಳಕೆದಾರರಿಗೆ ಇದೆ.

ಈ ವಿಮರ್ಶೆಯಲ್ಲಿ ನಾನು ಬಳಸುವ ಅಳತೆಗೋಲು ಒಂದೇ. ಪ್ರಕಟಣೆಯನ್ನು ಓದಿ ಮುಗಿಸಿದ ಮನುಷ್ಯನಿಗೆ ಆ ದಿನ ತಾನೇನು ಮಾಡಬೇಕು ಎಂಬುದು ತಿಳಿಯಿತೇ, ಮತ್ತು ಹಿಂದಿನ ವಾರ ಹೇಳಿದ್ದಕ್ಕಿಂತ ಈ ವಾರದ ಮಾತು ಬೇರೆಯಾಗಿದ್ದರೆ ಅದು ಬದಲಾಗಿದೆ ಎಂಬುದನ್ನೂ ಬದಲಾದ ಕಾರಣವನ್ನೂ ಇಲಾಖೆ ಮುಚ್ಚುಮರೆಯಿಲ್ಲದೆ ಹೇಳಿತೇ ಎಂಬುದು. ಹೊಸ ರೋಗದ ವಿಷಯದಲ್ಲಿ ಸಲಹೆ ಬದಲಾಗುವುದು ತಪ್ಪಲ್ಲ. ತಿಳಿವಳಿಕೆ ಹೆಚ್ಚಿದಂತೆ ಅದು ಬದಲಾಗಲೇಬೇಕು. ಬದಲಾವಣೆಯನ್ನು ಹೇಳದೆ ಪುಟದ ಮೇಲಿನ ವಾಕ್ಯವನ್ನು ಮಾತ್ರ ತಿದ್ದಿ ಸುಮ್ಮನಾಗುವುದು ತಪ್ಪು. ಈ ಅಳತೆಯಿಂದ ನೋಡಿದರೆ ಲಸಿಕೆಯ ಮಾಹಿತಿ ಒಟ್ಟಿನಲ್ಲಿ ಉತ್ತಮವಾಗಿತ್ತು, ಪರೀಕ್ಷೆಯ ಮಾಹಿತಿ ಅರ್ಧ ದಾರಿಯಲ್ಲಿ ನಿಂತಿತು, ಮಾಸ್ಕಿನ ಮಾಹಿತಿ ಮೂರರಲ್ಲಿ ಅತ್ಯಂತ ದುರ್ಬಲವಾಗಿತ್ತು ಎಂಬುದು ನನ್ನ ಅಭಿಪ್ರಾಯ.

ಅಂಕಿಸಂಖ್ಯೆಗಳಿಂದ ಆರಂಭಿಸುವುದು ಸೂಕ್ತ, ಏಕೆಂದರೆ ಹೆಚ್ಚಿನ ಜನರು ಪ್ರಕಟಣೆಯಲ್ಲಿ ಮೊದಲು ನೋಡುತ್ತಿದ್ದದ್ದು ಅಂದಿನ ಹೊಸ ಪ್ರಕರಣಗಳ ಸಂಖ್ಯೆಯನ್ನೇ. ಆ ಒಂದು ಸಂಖ್ಯೆ ಒಳಗೊಳಗೇ ಎಷ್ಟು ಸಂಗತಿಗಳನ್ನು ಬೆರೆಸಿಕೊಂಡಿತ್ತು ಎಂಬುದನ್ನು ಬಹಳಷ್ಟು ಇಲಾಖೆಗಳು ವಿವರಿಸಲೇ ಇಲ್ಲ. ಗಂಟಲು ದ್ರವದ ಮಾದರಿ ತೆಗೆದ ದಿನ ಒಂದು, ಪ್ರಯೋಗಾಲಯ ಫಲಿತಾಂಶ ಕೊಟ್ಟ ದಿನ ಇನ್ನೊಂದು, ಇಲಾಖೆಯ ಲೆಕ್ಕಕ್ಕೆ ಅದು ಸೇರಿದ ದಿನ ಮತ್ತೊಂದು. ವಾರಾಂತ್ಯದಲ್ಲಿ ಪ್ರಯೋಗಾಲಯಗಳ ಕೆಲಸ ತಗ್ಗಿದರೆ ಆ ಬಳಿಕದ ಒಂದೆರಡು ದಿನ ಸೋಂಕು ಇಳಿದಂತೆ ಕಾಣುತ್ತದೆ, ಬಾಕಿ ಉಳಿದದ್ದೆಲ್ಲ ಒಟ್ಟಿಗೆ ಬಂದು ಸೇರಿದ ದಿನ ಏರಿದಂತೆ ಕಾಣುತ್ತದೆ. ಎರಡೂ ನಿಜವಲ್ಲ. ಬ್ರಿಟನ್ನಿನ ಸರ್ಕಾರಿ ಡ್ಯಾಶ್‌ಬೋರ್ಡ್, ಅಂದರೆ ಅಂಕಿಸಂಖ್ಯೆಗಳನ್ನು ಒಂದೆಡೆ ತೋರಿಸುವ ಜಾಲಪುಟ, ಈ ವಿಷಯದಲ್ಲಿ ನಾನು ಮೆಚ್ಚಿದ ಮಾದರಿ. ಅಂಚೆ ಸಂಖ್ಯೆಯನ್ನು ನಮೂದಿಸಿದರೆ ಅದು ಸುತ್ತಲಿನ ಪ್ರದೇಶದ ಸ್ಥಿತಿಯನ್ನು ತೋರಿಸುತ್ತಿತ್ತು. ಮಾದರಿ ತೆಗೆದ ದಿನಾಂಕದ ಲೆಕ್ಕವನ್ನೂ ವರದಿಯಾದ ದಿನಾಂಕದ ಲೆಕ್ಕವನ್ನೂ ಬೇರೆಬೇರೆಯಾಗಿ ಕೊಡುತ್ತಿತ್ತು. ಇತ್ತೀಚಿನ ಕೆಲವು ದಿನಗಳ ಅಂಕಿ ಇನ್ನೂ ಪೂರ್ತಿಯಾಗಿಲ್ಲ ಎಂಬ ಎಚ್ಚರಿಕೆಯನ್ನೂ ಜೊತೆಗಿಡುತ್ತಿತ್ತು.

ಅಂಥ ವ್ಯವಸ್ಥೆಯೂ ಒಮ್ಮೆ ಎಡವಿತು ಎಂಬುದನ್ನು ಹೇಳದಿದ್ದರೆ ವಿಮರ್ಶೆ ಅಪೂರ್ಣವಾಗುತ್ತದೆ. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಪ್ರಕರಣಗಳು ಇಂಗ್ಲೆಂಡಿನ ದೈನಂದಿನ ಲೆಕ್ಕದಿಂದ ಬಿಟ್ಟುಹೋದವು. ಪ್ರಯೋಗಾಲಯಗಳಿಂದ ಬಂದ ಫಲಿತಾಂಶಗಳನ್ನು ಎಕ್ಸೆಲ್‌ನ ಹಳೆಯ ಕಡತ ರೂಪಕ್ಕೆ ತುಂಬಿಸಲಾಗುತ್ತಿತ್ತು. ಆ ರೂಪದ ಒಂದು ಹಾಳೆಯಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಸುವುದಿಲ್ಲವಾದ್ದರಿಂದ ಮಿಕ್ಕವು ಕಾಣೆಯಾದವು. ಸೋಂಕು ತಗಲಿದವರಿಗೆ ತಮ್ಮ ಫಲಿತಾಂಶ ತಿಳಿದಿತ್ತು, ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಎಚ್ಚರಿಸುವ ತಂಡಗಳಿಗೆ ಆ ಹೆಸರುಗಳು ಸಕಾಲಕ್ಕೆ ತಲುಪಲಿಲ್ಲ. ಮಾಹಿತಿ ಸೇವೆಯ ಒಂದು ಸಣ್ಣ ತಾಂತ್ರಿಕ ಲೋಪ ನೇರವಾಗಿ ಜನರ ಆರೋಗ್ಯಕ್ಕೆ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ತಪ್ಪು ಪತ್ತೆಯಾದ ಮೇಲೆ ಬಿಟ್ಟುಹೋದ ಸಂಖ್ಯೆ, ಅವಧಿ, ಕಾರಣ ಎಲ್ಲವೂ ಬೇಗನೆ ಬಹಿರಂಗವಾದವು ಎಂಬುದನ್ನು ಮಾತ್ರ ಆ ಸೇವೆಯ ಪರವಾಗಿ ಹೇಳಬೇಕು.

ಸಾವಿನ ಲೆಕ್ಕವೂ ಹೀಗೆಯೇ ವಿವರಣೆಯನ್ನು ಬೇಡುತ್ತದೆ. ಇಂಗ್ಲೆಂಡಿನಲ್ಲಿ ಮೊದಲು ಒಮ್ಮೆ ಪಾಸಿಟಿವ್ ಆದವರು ಮುಂದೆ ಯಾವಾಗ ಯಾವ ಕಾರಣದಿಂದ ಸತ್ತರೂ ಅದನ್ನು ಕೋವಿಡ್ ಸಾವೆಂದು ಎಣಿಸಲಾಗುತ್ತಿತ್ತು. 2020ರ ಆಗಸ್ಟ್‌ನಲ್ಲಿ, ಪಾಸಿಟಿವ್ ಆದ 28 ದಿನಗಳೊಳಗಿನ ಸಾವುಗಳನ್ನು ಮಾತ್ರ ಆ ಸಾಲಿಗೆ ಸೇರಿಸುವ ಕ್ರಮ ಬಂದಾಗ ಒಟ್ಟು ಸಂಖ್ಯೆ ಒಂದೇ ದಿನದಲ್ಲಿ ಐದು ಸಾವಿರಕ್ಕೂ ಹೆಚ್ಚು ಇಳಿಯಿತು. ಎಣಿಸುವ ಕ್ರಮ ಬದಲಾಗಿದೆಯೇ ಹೊರತು ಸತ್ತವರ ಸಂಖ್ಯೆಯಲ್ಲ ಎಂಬ ವಾಕ್ಯ ಪ್ರಕಟಣೆಯ ಮೊದಲ ಸಾಲಿನಲ್ಲಿಯೇ ಇರಬೇಕಾದದ್ದು ಇಂಥ ಸಂದರ್ಭಗಳಲ್ಲಿ. ಅಂಕಿ ಇಳಿದದ್ದನ್ನು ಮಾತ್ರ ಕಂಡು ವಿವರಣೆಯನ್ನು ಕಾಣದ ಓದುಗ ಸರ್ಕಾರ ಸಾವನ್ನು ಮುಚ್ಚಿಡುತ್ತಿದೆ ಎಂದು ತಿಳಿದರೆ ಆತನನ್ನು ದೂರುವಂತಿಲ್ಲ.

ಪಾಸಿಟಿವಿಟಿ ದರ ಬಹಳಷ್ಟು ಪ್ರಕಟಣೆಗಳಲ್ಲಿ ಇತ್ತು, ಅದು ಒಳ್ಳೆಯದು. ಮಾಡಿದ ಪರೀಕ್ಷೆಗಳಲ್ಲಿ ಶೇಕಡಾ ಎಷ್ಟು ಪಾಸಿಟಿವ್ ಬಂದಿವೆ ಎಂಬ ಈ ದರ ಏರುತ್ತಿದ್ದರೆ ಕಣ್ಣಿಗೆ ಕಾಣದ ಸೋಂಕು ಹೆಚ್ಚುತ್ತಿದೆ ಎಂದೋ ಪರೀಕ್ಷೆ ಸಾಲುತ್ತಿಲ್ಲ ಎಂದೋ ಅರ್ಥ. ನಿರ್ಬಂಧಗಳನ್ನು ಸಡಿಲಿಸುವ ಮುನ್ನ ಈ ದರ ಕನಿಷ್ಠ 14 ದಿನ ಶೇ 5ಕ್ಕಿಂತ ಕೆಳಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲಿ ಸೂಚಿಸಿತ್ತು. ದರವನ್ನು ಅಚ್ಚು ಹಾಕುತ್ತಿದ್ದ ಎಷ್ಟೋ ಇಲಾಖೆಗಳು ಈ 5ರ ಗೆರೆಯನ್ನು ಪಕ್ಕದಲ್ಲಿ ತೋರಿಸುತ್ತಿರಲಿಲ್ಲ. ಎತ್ತರದ ಗೆರೆಯಿಲ್ಲದೆ ನೀರಿನ ಮಟ್ಟವನ್ನು ಮಾತ್ರ ಹೇಳಿದರೆ ದಡದಲ್ಲಿರುವವನು ಮನೆ ಬಿಡಬೇಕೇ ಬೇಡವೇ ಎಂದು ಹೇಗೆ ತೀರ್ಮಾನಿಸಿಯಾನು?

ಇನ್ನು ಲಸಿಕೆ. ಇಲ್ಲಿ ಸೇವೆಯ ಗುಣಮಟ್ಟ ಎದ್ದು ಕಾಣುವಷ್ಟು ಮೇಲಿತ್ತು. ಯಾವ ವಯಸ್ಸಿನವರ ಸರದಿ, ಯಾವ ಕೇಂದ್ರ, ಎಷ್ಟು ಅಂತರದಲ್ಲಿ ಎರಡನೆಯ ಡೋಸ್, ಚುಚ್ಚಿಸಿಕೊಂಡ ನಂತರ ಎಷ್ಟು ಹೊತ್ತು ಕುಳಿತಿರಬೇಕು, ಜ್ವರ ಬಂದರೆ ಏನು ಮಾಡಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಸಾಮಾನ್ಯವಾಗಿ ಒಂದೇ ಪುಟದಲ್ಲಿ ಸಿಗುತ್ತಿತ್ತು. ಇದಕ್ಕೆ ಕಾರಣವೂ ಇದೆ. ಲಸಿಕೆ ಹಾಕುವ ಅಭ್ಯಾಸ ಇಲಾಖೆಗಳಿಗೆ ದಶಕಗಳಿಂದ ಇದೆ, ಕ್ಷೇತ್ರದಲ್ಲಿ ಕೆಲಸ ಮಾಡುವ ದಾದಿಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಜನ ಏನನ್ನು ಕೇಳುತ್ತಾರೆ ಎಂಬುದು ಮೊದಲೇ ಗೊತ್ತಿತ್ತು.

ಆದರೂ ನಿಜವಾದ ಪರೀಕ್ಷೆ ಎದುರಾದದ್ದು ಸಲಹೆ ಬದಲಾದಾಗ. 2020ರ ಡಿಸೆಂಬರ್ 30ರಂದು ಬ್ರಿಟನ್ ಎರಡು ಡೋಸ್‌ಗಳ ನಡುವಿನ ಅಂತರವನ್ನು 12 ವಾರಗಳವರೆಗೆ ವಿಸ್ತರಿಸಿತು. ಲಸಿಕೆಯ ದಾಸ್ತಾನು ಕಡಿಮೆ ಇರುವಾಗ ಹೆಚ್ಚು ಜನರಿಗೆ ಮೊದಲ ಡೋಸ್ ಸಿಗಲಿ ಎಂಬುದು ಅದಕ್ಕೆ ಕೊಟ್ಟ ಕಾರಣ. 2021ರ ಮೇ 13ರಂದು ಭಾರತವೂ ಕೋವಿಶೀಲ್ಡ್‌ನ ಅಂತರವನ್ನು 6–8 ವಾರಗಳಿಂದ 12–16 ವಾರಗಳಿಗೆ ಏರಿಸಿತು. ಇಂಥ ತೀರ್ಮಾನಗಳು ವೈಜ್ಞಾನಿಕವಾಗಿ ಸರಿಯಾಗಿದ್ದರೂ, ಆಗಲೇ ಎರಡನೆಯ ಡೋಸ್‌ಗೆ ದಿನಾಂಕ ಪಡೆದವರು ಅಂದು ಕೇಂದ್ರಕ್ಕೆ ಹೋಗಬೇಕೇ ಹಿಂದಿರುಗಬೇಕೇ ಎಂಬುದನ್ನು ತಿಳಿಸಬೇಕಾದವರು ಸ್ಥಳೀಯರೇ. ರಾಷ್ಟ್ರದ ಮಟ್ಟದಲ್ಲಿ ಒಂದು ಸಾಲಿನ ಸುತ್ತೋಲೆ ಹೊರಟಾಗ ಅದನ್ನು ಬಾಗಿಲಲ್ಲಿ ನಿಂತ ವೃದ್ಧರಿಗೆ ಅರ್ಥವಾಗುವಂತೆ ಹೇಳುವ ಭಾರ ಕೆಳಗಿನ ಹಂತದ ಮೇಲೆ ಬೀಳುತ್ತದೆ, ಮತ್ತು ಆ ಭಾರವನ್ನು ಹೊರಲು ಬೇಕಾದ ಒಂದು ದಿನದ ಮುನ್ಸೂಚನೆಯನ್ನೂ ಮೇಲಿನವರು ಅನೇಕ ಸಲ ಕೊಡಲಿಲ್ಲ.

ಅಪಾಯದ ಬಗ್ಗೆ ಪ್ರಾಮಾಣಿಕವಾಗಿ ಮಾತನಾಡಿದ ಒಂದು ದಿನವನ್ನು ನಾನು ವಿಶೇಷವಾಗಿ ಎತ್ತಿ ಹೇಳಬಯಸುತ್ತೇನೆ. ಆಸ್ಟ್ರಾಜೆನೆಕಾ ಲಸಿಕೆಗೂ ಅಪರೂಪದ ರಕ್ತ ಹೆಪ್ಪುಗಟ್ಟುವಿಕೆಗೂ ಸಂಬಂಧ ಇರಬಹುದೆಂಬ ಮಾಹಿತಿ ಹೊರಬಿದ್ದಾಗ, 2021ರ ಏಪ್ರಿಲ್ 7ರಂದು ಬ್ರಿಟನ್ನಿನ ಅಧಿಕಾರಿಗಳು 30ಕ್ಕಿಂತ ಕಡಿಮೆ ವಯಸ್ಸಿನವರಿಗೆ ಬೇರೆ ಲಸಿಕೆ ಉತ್ತಮ ಎಂದು ಹೇಳಿದರು. ಹೇಳಿ ಸುಮ್ಮನಾಗಲಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿಂಟನ್ ಸೆಂಟರ್ ಸಿದ್ಧಪಡಿಸಿದ ಚಿತ್ರಗಳಲ್ಲಿ, ಒಂದೊಂದು ವಯೋಮಾನಕ್ಕೂ ಲಸಿಕೆಯಿಂದ ತಪ್ಪುವ ತೀವ್ರ ನಿಗಾ ಘಟಕದ ದಾಖಲಾತಿ ಎಷ್ಟು, ಲಸಿಕೆಯಿಂದ ಆಗಬಹುದಾದ ಗಂಭೀರ ಹಾನಿ ಎಷ್ಟು ಎಂಬುದನ್ನು ಎದುರುಬದುರಾಗಿ ಇಟ್ಟು ತೋರಿಸಿದರು. ಅರವತ್ತರ ಆಸುಪಾಸಿನವರಿಗೆ ಲಾಭದ ಪಟ್ಟಿ ಬಹು ಉದ್ದ, ಇಪ್ಪತ್ತರ ಹರೆಯದವರಿಗೆ ಎರಡೂ ಹತ್ತಿರ ಹತ್ತಿರ. ಆ ಚಿತ್ರವನ್ನು ನೋಡಿದ ಯಾರಿಗೇ ಆದರೂ ಸಲಹೆ ವಯಸ್ಸಿಗೆ ತಕ್ಕಂತೆ ಏಕೆ ಬೇರೆಯಾಯಿತು ಎಂಬುದು ಪ್ರತ್ಯೇಕ ವಿವರಣೆಯಿಲ್ಲದೆ ತಿಳಿಯುತ್ತಿತ್ತು. ಜನರಿಗೆ ಅಪಾಯದ ಲೆಕ್ಕ ಹೇಳಿದರೆ ಅವರು ಹೆದರಿ ಓಡುತ್ತಾರೆ ಎಂದು ನಂಬಿದ ಅಧಿಕಾರಿಗಳು ಎಲ್ಲ ದೇಶಗಳಲ್ಲೂ ಇದ್ದಾರೆ. ಅವರು ಈ ಚಿತ್ರಗಳನ್ನು ನೋಡಬೇಕು.

ಲಸಿಕೆಯ ಮಾಹಿತಿಯಲ್ಲಿ ಉಳಿದ ದೊಡ್ಡ ಕೊರತೆ ಎಂದರೆ ಆಸ್ಪತ್ರೆ ಸೇರಿದವರ ಲೆಕ್ಕ. ಆಸ್ಪತ್ರೆಯಲ್ಲಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಲಸಿಕೆ ಪಡೆದವರು ಎಂಬ ಸಾಲು ಯಾವುದಾದರೂ ಪ್ರಕಟಣೆಯಲ್ಲಿ ಬಂದ ಕೂಡಲೇ ಲಸಿಕೆ ಕೆಲಸ ಮಾಡುತ್ತಿಲ್ಲ ಎಂಬ ಮಾತು ಹಬ್ಬುತ್ತಿತ್ತು. ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ಒಂದು ಲಕ್ಷ ಜನಸಂಖ್ಯೆಯ ಊರಿನಲ್ಲಿ 90,000 ಜನ ಲಸಿಕೆ ಪಡೆದಿದ್ದಾರೆ, 10,000 ಜನ ಪಡೆದಿಲ್ಲ. ಆಸ್ಪತ್ರೆಯಲ್ಲಿ ಲಸಿಕೆ ಪಡೆದವರು 45, ಪಡೆಯದವರು 25. ಮೇಲ್ನೋಟಕ್ಕೆ ಲಸಿಕೆ ಪಡೆದವರೇ ಹೆಚ್ಚು. ಆದರೆ ಒಂದು ಲಕ್ಷಕ್ಕೆ ಎಷ್ಟು ಎಂದು ಲೆಕ್ಕ ಹಾಕಿದರೆ ಲಸಿಕೆ ಪಡೆದವರಲ್ಲಿ 50, ಪಡೆಯದವರಲ್ಲಿ 250. ಅಂದರೆ ಲಸಿಕೆ ಇಲ್ಲದವರು ಆಸ್ಪತ್ರೆ ಸೇರುವ ಸಾಧ್ಯತೆ ಐದು ಪಟ್ಟು. ಇದರ ಜೊತೆಗೆ ವಯಸ್ಸಿನ ವ್ಯತ್ಯಾಸವನ್ನೂ ಸರಿದೂಗಿಸಬೇಕು, ಏಕೆಂದರೆ ಲಸಿಕೆ ಪಡೆದವರಲ್ಲಿ ವೃದ್ಧರೇ ಹೆಚ್ಚಿದ್ದರೆ ಅವರಿಗೆ ಸಹಜವಾಗಿಯೇ ಅಪಾಯ ಹೆಚ್ಚು. ಈ ಭಾಗಾಕಾರವನ್ನು ಓದುಗರು ತಾವೇ ಮಾಡಿಕೊಳ್ಳಲಿ ಎಂದು ಬಿಡುವುದು ಸೇವೆಯ ಲೋಪ. ಮಾಡಿ ಕೊಟ್ಟ ಇಲಾಖೆಗಳು ಇದ್ದವು. ಅವುಗಳ ಪ್ರಕಟಣೆಗಳನ್ನು ತಿರುಚುವುದು ಅಷ್ಟು ಸುಲಭವಾಗಿರಲಿಲ್ಲ.

ಪರೀಕ್ಷೆಯ ವಿಷಯಕ್ಕೆ ಬಂದರೆ, ಎಲ್ಲಿ ಮಾಡಿಸಬೇಕು ಎಂಬುದನ್ನು ಚೆನ್ನಾಗಿ ಹೇಳಿದ ಇಲಾಖೆಗಳೇ ಫಲಿತಾಂಶವನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂಬಲ್ಲಿ ತಡವರಿಸಿದವು. ಆರ್‌ಟಿಪಿಸಿಆರ್ ಪರೀಕ್ಷೆ ವೈರಸ್ಸಿನ ಅತಿ ಸಣ್ಣ ಅಂಶವನ್ನೂ ಹಿಡಿಯುತ್ತದೆ, ಹಾಗಾಗಿಯೇ ಗುಣವಾದ ಕೆಲವು ವಾರಗಳ ನಂತರವೂ ಪಾಸಿಟಿವ್ ತೋರಿಸಬಹುದು. ರ‍್ಯಾಪಿಡ್ ಆಂಟಿಜೆನ್ ಪರೀಕ್ಷೆ ವೈರಸ್ಸಿನ ಪ್ರೋಟೀನು ಸಾಕಷ್ಟು ಇದ್ದಾಗ ಮಾತ್ರ ಗೆರೆ ಮೂಡಿಸುತ್ತದೆ, ಹಾಗಾಗಿ ಸೋಂಕಿನ ಮೊದಲ ದಿನಗಳಲ್ಲಿ ನೆಗೆಟಿವ್ ತೋರಿಸಬಹುದು. ಈ ಎರಡು ವಾಕ್ಯಗಳು ಪ್ರತಿಯೊಂದು ಕಿಟ್‌ನ ಜೊತೆ, ಪ್ರತಿಯೊಂದು ಪ್ರಕಟಣೆಯ ಕೊನೆಯಲ್ಲಿ ಇದ್ದಿದ್ದರೆ ಬೆಳಿಗ್ಗೆ ನೆಗೆಟಿವ್ ಬಂತೆಂದು ಸಂಜೆ ವಯಸ್ಸಾದ ತಂದೆತಾಯಿಯನ್ನು ನೋಡಲು ಹೋದ ಎಷ್ಟೋ ಜನ ಒಂದು ದಿನ ಕಾಯುತ್ತಿದ್ದರು. ಮನೆಯಲ್ಲಿ ಆಂಟಿಜೆನ್ ಪರೀಕ್ಷೆ ನೆಗೆಟಿವ್ ಬಂದರೆ, ಲಕ್ಷಣ ಇರುವವರು 48 ಗಂಟೆಗಳ ನಂತರ ಮತ್ತೊಮ್ಮೆ, ಲಕ್ಷಣ ಇಲ್ಲದವರು 48 ಗಂಟೆಗಳ ಅಂತರದಲ್ಲಿ ಒಟ್ಟು ಮೂರು ಸಲ ಪರೀಕ್ಷಿಸಿಕೊಳ್ಳಬೇಕು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸ್ಪಷ್ಟವಾಗಿ ಹೇಳಿದ್ದು 2022ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಒಮಿಕ್ರಾನ್‌ನ ಮೊದಲ ದೊಡ್ಡ ಅಲೆ ಮುಗಿದು ಎಷ್ಟೋ ತಿಂಗಳಾಗಿತ್ತು.

ಸಣ್ಣ ಸಂಗತಿಗಳೂ ಇಲ್ಲಿ ದೊಡ್ಡವೇ. ಕಿಟ್‌ನಲ್ಲಿ ಹೇಳಿದ ಸಮಯಕ್ಕಿಂತ ಬಹಳ ಹೊತ್ತು ಬಿಟ್ಟು ನೋಡಿದರೆ ಮೂಡುವ ಮಸುಕು ಗೆರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಹೇಳಿದ ಸಮಯದೊಳಗೆ ಮೂಡಿದ ಗೆರೆ ಎಷ್ಟೇ ಮಸುಕಾಗಿದ್ದರೂ ಪಾಸಿಟಿವ್ ಎಂದೇ ತಿಳಿಯಬೇಕು. ಅಮೆರಿಕದಲ್ಲಿ ಮನೆಬಳಕೆಯ ಕೆಲವು ಕಿಟ್‌ಗಳ ಬಳಕೆಯ ಅವಧಿಯನ್ನು ಪೆಟ್ಟಿಗೆಯ ಮೇಲಿನ ದಿನಾಂಕದ ಆಚೆಗೂ ಅಧಿಕೃತವಾಗಿ ವಿಸ್ತರಿಸಲಾಗಿತ್ತು. ಅದನ್ನು ಜನರಿಗೆ ತಲುಪಿಸಬೇಕಾದ ಸ್ಥಳೀಯ ಪುಟಗಳು ಸುಮ್ಮನಿದ್ದರೆ ಒಳ್ಳೆಯ ಕಿಟ್‌ಗಳು ಕಸದ ಬುಟ್ಟಿ ಸೇರುತ್ತವೆ.

ಪರೀಕ್ಷೆಗೆ ಸಂಬಂಧಿಸಿದ ಮಾಹಿತಿಯಲ್ಲಿ ನ್ಯೂಜಿಲೆಂಡ್‌ನದು ನನ್ನ ಮಟ್ಟಿಗೆ ಅತ್ಯುತ್ತಮ. ಅಲ್ಲಿನ ಆರೋಗ್ಯ ಮಹಾನಿರ್ದೇಶಕ ಆಶ್ಲಿ ಬ್ಲೂಮ್‌ಫೀಲ್ಡ್ ಮಧ್ಯಾಹ್ನ ಒಂದು ಗಂಟೆಗೆ ನೀಡುತ್ತಿದ್ದ ವಿವರ ಜನರ ದಿನಚರಿಯ ಭಾಗವೇ ಆಗಿಹೋಗಿತ್ತು. ಅದರ ಜೊತೆಗೆ ಆರೋಗ್ಯ ಸಚಿವಾಲಯ ಸೋಂಕಿತರು ಹೋಗಿಬಂದ ಸ್ಥಳಗಳ ಪಟ್ಟಿಯನ್ನು ಪ್ರಕಟಿಸುತ್ತಿತ್ತು. ಸ್ಥಳದ ಹೆಸರು, ದಿನಾಂಕ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಆ ಹೊತ್ತಿನಲ್ಲಿ ಅಲ್ಲಿದ್ದವರು ಈಗ ಏನು ಮಾಡಬೇಕು, ಇಷ್ಟೇ. ಓದಿದವರಿಗೆ ಅದು ತಮಗೆ ಸಂಬಂಧಿಸಿದ್ದೇ ಅಲ್ಲವೇ ಎಂಬುದು ಒಂದೇ ನೋಟದಲ್ಲಿ ತಿಳಿಯುತ್ತಿತ್ತು, ಮತ್ತು ಸೋಂಕಿತ ವ್ಯಕ್ತಿಯ ಹೆಸರು ಎಲ್ಲಿಯೂ ಬರುತ್ತಿರಲಿಲ್ಲ. ಸೋಂಕು ಕೆಲವೇ ಕೆಲವರಲ್ಲಿ ಇದ್ದಾಗ ಮಾತ್ರ ಇಷ್ಟು ವಿವರ ಕೊಡಲು ಸಾಧ್ಯ ಎಂಬುದು ನಿಜ. ಸಾಧ್ಯವಿದ್ದಾಗ ಅದನ್ನು ಮಾಡಿ ತೋರಿಸಿದ್ದಕ್ಕೆ ಅವರಿಗೆ ಪೂರ್ಣ ಅಂಕ ಸಲ್ಲಬೇಕು.

ಇದಕ್ಕೆ ತದ್ವಿರುದ್ಧವಾದದ್ದು ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರ, ಅಂದರೆ ಸಿಡಿಸಿ, 2021ರ ಡಿಸೆಂಬರ್ 27ರಂದು ಹೊರಡಿಸಿದ ಪ್ರತ್ಯೇಕವಾಸದ ಹೊಸ ಸಲಹೆ. 10 ದಿನಗಳ ಅವಧಿಯನ್ನು 5 ದಿನಗಳಿಗೆ ಇಳಿಸಿದ ಆ ಸಲಹೆಯಲ್ಲಿ, ಹೊರಗೆ ಬರುವ ಮುನ್ನ ಆಂಟಿಜೆನ್ ಪರೀಕ್ಷೆ ಮಾಡಿಕೊಳ್ಳಬೇಕೇ ಎಂಬ ಸರಳ ಪ್ರಶ್ನೆಗೆ ನೇರ ಉತ್ತರ ಇರಲಿಲ್ಲ. ಟೀಕೆಗಳು ಬಂದ ಮೇಲೆ ಬೇಕಿದ್ದವರು ಮಾಡಿಕೊಳ್ಳಬಹುದು ಎಂಬ ಅರ್ಥದ ಮಾತು ಸೇರಿತು. ಅದನ್ನು ಅನುಸರಿಸಿ ತಮ್ಮ ಪುಟಗಳನ್ನು ತಿದ್ದಿಕೊಳ್ಳಬೇಕಾಗಿದ್ದ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಮತ್ತು ನಗರ ಇಲಾಖೆಗಳ ಸ್ಥಿತಿಯನ್ನು ನೆನೆದರೆ ಸಹಾನುಭೂತಿ ಉಂಟಾಗುತ್ತದೆ.

ಮಾಸ್ಕಿನ ಬಗ್ಗೆ ಹೆಚ್ಚು ಬರೆಯಬೇಕಾಗಿದೆ, ಏಕೆಂದರೆ ಈ ಸೇವೆ ಜನರ ವಿಶ್ವಾಸವನ್ನು ಅತಿ ಹೆಚ್ಚು ಕಳೆದುಕೊಂಡದ್ದು ಇಲ್ಲಿಯೇ. 2020ರ ಫೆಬ್ರುವರಿ 29ರಂದು ಅಮೆರಿಕದ ಸರ್ಜನ್ ಜನರಲ್, ಅಂದರೆ ಸಾರ್ವಜನಿಕ ಆರೋಗ್ಯದ ವಿಷಯದಲ್ಲಿ ಸರ್ಕಾರದ ಪ್ರಮುಖ ವಕ್ತಾರರಾಗಿದ್ದ ಜೆರೋಮ್ ಆಡಮ್ಸ್ ಮಾಸ್ಕ್ ಕೊಳ್ಳುವುದನ್ನು ನಿಲ್ಲಿಸಿ, ಅವು ಸಾಮಾನ್ಯ ಜನರನ್ನು ಸೋಂಕಿನಿಂದ ಕಾಪಾಡುವಲ್ಲಿ ಪರಿಣಾಮಕಾರಿಯಲ್ಲ ಎಂಬ ಸಂದೇಶ ಹರಡಿದರು. ವೈದ್ಯರಿಗೂ ದಾದಿಯರಿಗೂ ಮಾಸ್ಕ್ ಸಿಗದೇ ಹೋಗಬಹುದು ಎಂಬ ಆತಂಕವೂ ಅದೇ ಸಂದೇಶದಲ್ಲಿತ್ತು. ಏಪ್ರಿಲ್ 3ರಂದು ಸಿಡಿಸಿ ಎಲ್ಲರೂ ಬಟ್ಟೆಯ ಮುಖಗವಸು ಧರಿಸಬೇಕೆಂದು ಸಲಹೆ ಕೊಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ಜನಸಾಮಾನ್ಯರಿಗೂ ಮಾಸ್ಕ್ ಬೇಕು ಎಂಬ ನಿಲುವಿಗೆ ಬಂದದ್ದು ಜೂನ್ 5ರಂದು. ದಾಸ್ತಾನು ಕಡಿಮೆ ಇದೆ, ಆಸ್ಪತ್ರೆಯವರಿಗೆ ಮೊದಲು ಸಿಗಲಿ, ನೀವು ಸದ್ಯಕ್ಕೆ ಮನೆಯಲ್ಲಿಯೇ ಹೊಲಿದುಕೊಳ್ಳಿ ಎಂದು ಫೆಬ್ರುವರಿಯಲ್ಲಿಯೇ ಹೇಳಿದ್ದರೆ ಬಹುಪಾಲು ಜನ ಒಪ್ಪುತ್ತಿದ್ದರು ಎಂದು ನಾನು ನಂಬುತ್ತೇನೆ. ವೈದ್ಯರಿಗೆ ಬೇಕಾದದ್ದು, ಆದರೆ ನಿಮಗೆ ಉಪಯೋಗವಿಲ್ಲದ್ದು ಎಂಬ ಮಾತು ಮಾತ್ರ ಯಾರ ತಲೆಯಲ್ಲೂ ಸರಿಯಾಗಿ ಕೂರಲಿಲ್ಲ.

ಎರಡನೆಯ ಪೆಟ್ಟು ಗಾಳಿಯ ಪ್ರಶ್ನೆಯಿಂದ ಬಿತ್ತು. ಕೋವಿಡ್ ಗಾಳಿಯಲ್ಲಿ ಹರಡುವ ರೋಗವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 28ರಂದು ಟ್ವಿಟರ್‌ನಲ್ಲಿ ಖಚಿತವಾಗಿ ಸಾರಿತು. ಉಸಿರಿನೊಂದಿಗೆ ಹೊರಬರುವ ಸೂಕ್ಷ್ಮ ಕಣಗಳು ಮುಚ್ಚಿದ ಕೋಣೆಯಲ್ಲಿ ತೇಲುತ್ತ ಉಳಿದು ದೂರದಲ್ಲಿರುವವರಿಗೂ ಸೋಂಕು ತಗಲಿಸಬಲ್ಲವು ಎಂಬ ವಿವರಣೆ ಅದರ ಪುಟಗಳಿಗೆ ಸ್ಪಷ್ಟವಾಗಿ ಸೇರಿದ್ದು 2021ರ ಏಪ್ರಿಲ್ ಕೊನೆಯಲ್ಲಿ. ಈ ಒಂದು ವರ್ಷ ಸ್ಥಳೀಯ ಇಲಾಖೆಗಳ ಭಿತ್ತಿಪತ್ರಗಳಲ್ಲಿ ಕೈ ತೊಳೆಯುವುದು, ಮೇಜು ಒರೆಸುವುದು, ಆರಡಿ ಅಂತರ ಇವೇ ಮುಂದಿದ್ದವು. ಕಿಟಕಿ ತೆರೆಯಿರಿ ಎಂಬ ಮಾತು ಎಲ್ಲೋ ಮೂಲೆಯಲ್ಲಿತ್ತು. ಮಾಸ್ಕ್ ಯಾವುದಿರಬೇಕು ಎಂಬ ಪ್ರಶ್ನೆಗೆ ಉತ್ತರ ನಿಂತಿರುವುದೇ ಇದರ ಮೇಲೆ. ದೊಡ್ಡ ಹನಿಗಳನ್ನು ತಡೆಯಲು ಬಟ್ಟೆ ಸಾಕಾಗಬಹುದು, ಸೂಕ್ಷ್ಮ ಕಣಗಳನ್ನು ತಡೆಯಲು ಅದು ಸಾಲದು.

ಎನ್95 ಮಾಸ್ಕ್ ಶೋಧಿಸಲು ಅತ್ಯಂತ ಕಷ್ಟವಾದ ಸುಮಾರು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಕನಿಷ್ಠ ಶೇ 95ರಷ್ಟನ್ನು, ಯುರೋಪಿನ ಎಫ್‌ಎಫ್‌ಪಿ2 ಕನಿಷ್ಠ ಶೇ 94ರಷ್ಟನ್ನು ತಡೆಯಬೇಕು ಎಂಬುದು ಅವುಗಳ ಮಾನದಂಡ. ಅವುಗಳೊಳಗಿನ ಪದರದಲ್ಲಿರುವ ಸ್ಥಿರ ವಿದ್ಯುತ್ತಿನ ಆವೇಶ ಕಣಗಳನ್ನು ಸೆಳೆದು ಹಿಡಿಯುವುದರಿಂದಲೇ ಅಷ್ಟು ಸೂಕ್ಷ್ಮವಾದವನ್ನು ತಡೆದರೂ ಉಸಿರಾಟಕ್ಕೆ ತೀರ ಕಷ್ಟವಾಗುವುದಿಲ್ಲ; ಸಾಬೂನಿನಲ್ಲಿ ತೊಳೆದರೆ ಆ ಆವೇಶ ನಷ್ಟವಾಗುತ್ತದೆ. ಮೂಗಿನ ಇಕ್ಕೆಲಗಳಲ್ಲಿ ಸಂದಿ ಉಳಿದರೆ ಬಟ್ಟೆಯ ಗುಣ ಎಷ್ಟೇ ಚೆನ್ನಾಗಿದ್ದರೂ ಗಾಳಿ ಆ ಸಂದಿಯಿಂದಲೇ ನುಗ್ಗುತ್ತದೆ. ಹೊರಬಿಡುವ ಕವಾಟವಿರುವ ಮಾಸ್ಕ್ ಧರಿಸಿದವರನ್ನು ಕಾಪಾಡುತ್ತದೆ, ಆದರೆ ಅವರ ಉಸಿರನ್ನು ಶೋಧಿಸದೆ ಎದುರಿನವರತ್ತ ಬಿಡುತ್ತದೆ. ಒಂದು ಕೈಹಾಳೆಯಲ್ಲಿ ಹಿಡಿಸುವ ಇಷ್ಟು ವಿಷಯವನ್ನು ನಾನು ಓದಿದ ಬಹುಪಾಲು ಸ್ಥಳೀಯ ಪ್ರಕಟಣೆಗಳು ಕೊಡಲಿಲ್ಲ. ಮಾಸ್ಕ್ ಕಡ್ಡಾಯ, ಧರಿಸದಿದ್ದರೆ ದಂಡ ಎಂಬುದು ದಪ್ಪ ಅಕ್ಷರಗಳಲ್ಲಿ ಇರುತ್ತಿತ್ತು. ಜರ್ಮನಿಯ ಬವೇರಿಯ ಪ್ರಾಂತ್ಯ 2021ರ ಜನವರಿ 18ರಿಂದ ಅಂಗಡಿಗಳಲ್ಲಿಯೂ ಸಾರ್ವಜನಿಕ ಸಾರಿಗೆಯಲ್ಲಿಯೂ ಎಫ್‌ಎಫ್‌ಪಿ2 ಮಾಸ್ಕನ್ನೇ ಧರಿಸಬೇಕೆಂದು ನಿಯಮ ಮಾಡಿತು. ಎನ್95 ಬಟ್ಟೆಗಿಂತ ಹೆಚ್ಚು ರಕ್ಷಣೆ ಕೊಡುತ್ತದೆ ಎಂದು ಸಿಡಿಸಿ ತನ್ನ ಪುಟದಲ್ಲಿ ನೇರವಾಗಿ ಬರೆದದ್ದು ಅದಾಗಿ ಸರಿಸುಮಾರು ಒಂದು ವರ್ಷದ ಬಳಿಕ, 2022ರ ಜನವರಿ 14ರಂದು.

ಮೂರನೆಯದಾಗಿ, ಮಾಸ್ಕ್ ತೆಗೆಯುವ ಸಲಹೆ. 2021ರ ಮೇ 13ರಂದು ಪೂರ್ಣ ಲಸಿಕೆ ಪಡೆದವರಿಗೆ ಒಳಾಂಗಣದಲ್ಲಿಯೂ ಬಹುತೇಕ ಕಡೆ ಮಾಸ್ಕ್ ಬೇಡ ಎಂದ ಸಿಡಿಸಿ, ಡೆಲ್ಟಾ ತಳಿ ಹರಡಿದ ಮೇಲೆ ಜುಲೈ 27ರಂದು ಸೋಂಕು ಹೆಚ್ಚಿರುವ ಪ್ರದೇಶಗಳಲ್ಲಿ ಅವರೂ ಧರಿಸಬೇಕು ಎಂದಿತು. ಎರಡನೆಯ ತೀರ್ಮಾನಕ್ಕೆ ಆಧಾರವಿತ್ತು, ಅದನ್ನು ಪ್ರಕಟಿಸಿಯೂ ಇದ್ದರು. ಮೊದಲನೆಯದನ್ನು ಹೇಳುವಾಗ ಹೊಸ ತಳಿ ಬಂದರೆ ಇದು ಬದಲಾಗಬಹುದು ಎಂಬ ಷರತ್ತನ್ನು ಅಷ್ಟೇ ದೊಡ್ಡ ದನಿಯಲ್ಲಿ ಹೇಳಿದ್ದರೆ ಎರಡನೆಯದು ಹಿಂದೆ ಸರಿದಂತೆ ಕಾಣುತ್ತಿರಲಿಲ್ಲ. 2022ರ ಫೆಬ್ರುವರಿ 25ರಂದು ಅದೇ ಸಂಸ್ಥೆ ಆಸ್ಪತ್ರೆಯ ಒತ್ತಡವನ್ನು ಮುಖ್ಯವಾಗಿ ಪರಿಗಣಿಸುವ ಹೊಸ ನಕ್ಷೆಯನ್ನು ತಂದಿತು. ಹಿಂದಿನ ದಿನ ಕೆಂಪಾಗಿದ್ದ ಎಷ್ಟೋ ಕೌಂಟಿಗಳು ಹೊಸ ನಕ್ಷೆಯಲ್ಲಿ ಹಸಿರಾದವು, ಅಲ್ಲಿ ಹರಡುತ್ತಿದ್ದ ಸೋಂಕು ಅಷ್ಟೇ ಇದ್ದರೂ. ಆಸ್ಪತ್ರೆಗಳು ತುಂಬಿಹೋಗದಂತೆ ನೋಡಿಕೊಳ್ಳುವವರಿಗೆ ಈ ನಕ್ಷೆ ಸಮಂಜಸ. ಆದರೆ ಕಿಮೊಥೆರಪಿ ಪಡೆಯುತ್ತಿರುವವರಿಗೆ, ಅಂಗ ಕಸಿ ಮಾಡಿಸಿಕೊಂಡವರಿಗೆ, ಅವರನ್ನು ನೋಡಿಕೊಳ್ಳುವ ಮನೆಯವರಿಗೆ ಬೇಕಾದದ್ದು ಸುತ್ತ ಸೋಂಕು ಎಷ್ಟಿದೆ ಎಂಬ ಹಳೆಯ ನಕ್ಷೆ. ಅದು ಹಿಂದೆ ಸರಿದು ಹುಡುಕಿ ತೆಗೆಯಬೇಕಾದ ಪುಟವಾಯಿತು. ಅತಿ ಹೆಚ್ಚು ಅಪಾಯದಲ್ಲಿರುವ ಬಳಕೆದಾರರನ್ನು ಕೈಬಿಟ್ಟ ಸೇವೆಗೆ ನಾನು ಉತ್ತಮ ಅಂಕ ಕೊಡಲಾರೆ.

ಮಾಸ್ಕಿನ ವಿಷಯದಲ್ಲಿ ಜನರ ಮನಸ್ಸನ್ನು ಅರಿತು ಮಾತನಾಡಿದ ಒಂದು ಪ್ರಸಂಗವನ್ನು ತೈವಾನ್‌ನಿಂದ ಹೇಳಬಹುದು. 2020ರ ಫೆಬ್ರುವರಿ 6ರಿಂದಲೇ ಅಲ್ಲಿ ಆರೋಗ್ಯ ವಿಮೆಯ ಕಾರ್ಡ್ ತೋರಿಸಿದವರಿಗೆ ಮಾಸ್ಕನ್ನು ಪಡಿತರದಂತೆ ಹಂಚಲಾಗುತ್ತಿತ್ತು, ಯಾವ ಔಷಧಾಲಯದಲ್ಲಿ ಎಷ್ಟು ಉಳಿದಿವೆ ಎಂಬುದನ್ನು ತೋರಿಸುವ ನಕ್ಷೆಗಳೂ ಇದ್ದವು. ಸಿಕ್ಕ ಬಣ್ಣವನ್ನು ಧರಿಸಬೇಕಾದಾಗ, ಗುಲಾಬಿ ಮಾಸ್ಕ್ ಹಾಕಿಕೊಂಡರೆ ಶಾಲೆಯಲ್ಲಿ ನಗುತ್ತಾರೆ ಎಂದು ಒಬ್ಬ ಹುಡುಗ ಹಿಂಜರಿಯುತ್ತಿದ್ದಾನೆ ಎಂಬ ದೂರು 1922 ಸಹಾಯವಾಣಿಗೆ ಬಂತು. ಏಪ್ರಿಲ್ 13ರ ಪತ್ರಿಕಾಗೋಷ್ಠಿಗೆ ಆರೋಗ್ಯ ಸಚಿವ ಚೆನ್ ಶಿಹ್-ಚುಂಗ್ ಸೇರಿದಂತೆ ಅಧಿಕಾರಿಗಳೆಲ್ಲರೂ ಗುಲಾಬಿ ಮಾಸ್ಕ್ ಧರಿಸಿ ಬಂದರು. ಸಹಾಯವಾಣಿಯಲ್ಲಿ ಕೇಳಿಸಿಕೊಂಡದ್ದು ಮುಂದಿನ ಪ್ರಕಟಣೆಯಲ್ಲಿ ಕಾಣಿಸಿಕೊಳ್ಳುವಂಥ ವ್ಯವಸ್ಥೆ ಅಲ್ಲಿತ್ತು ಎಂಬುದೇ ನನಗೆ ಮುಖ್ಯವಾಗಿ ಕಂಡದ್ದು. ಬೇರೆ ಎಷ್ಟೋ ಕಡೆ ಸಹಾಯವಾಣಿಯವರಿಗೆ ಪ್ರಕಟಣೆ ಬರೆಯುವವರ ಪರಿಚಯವೇ ಇರಲಿಲ್ಲ.

ತಲುಪಿಸುವ ವಿಧಾನದಲ್ಲಿ ಸಿಂಗಪುರದ ಸರ್ಕಾರಿ ವಾಟ್ಸ್ಆ್ಯಪ್ ಸೇವೆಯನ್ನು ಮೆಚ್ಚಬೇಕು. ಇಂಗ್ಲಿಷ್, ಚೀನಿ, ಮಲಯ್, ತಮಿಳು ನಾಲ್ಕರಲ್ಲಿಯೂ ಚಿಕ್ಕ ಸಂದೇಶಗಳಾಗಿ ಮಾಹಿತಿ ಬರುತ್ತಿತ್ತು. ಅಕ್ಷರಗಳನ್ನು ಚಿತ್ರವಾಗಿಸಿ ಹಾಕಿದ ಪ್ರಕಟಣೆಗಳನ್ನು ಅಂಧರ ಓದುವ ತಂತ್ರಾಂಶ ಓದಲಾರದು, ಹುಡುಕಿದರೆ ಸಿಗದು, ಬೇರೆ ಭಾಷೆಗೆ ಯಂತ್ರ ಅನುವಾದವೂ ಆಗದು. ಪಠ್ಯವನ್ನು ಪಠ್ಯವಾಗಿಯೇ ಹಾಕಲು ಹೆಚ್ಚಿನ ಹಣವೇನೂ ಬೇಕಾಗಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಕೋವಿಡ್‌ನ ಅಂತರರಾಷ್ಟ್ರೀಯ ತುರ್ತುಸ್ಥಿತಿ ಮುಗಿಯಿತೆಂದು ಘೋಷಿಸಿತು. ಅದಕ್ಕೂ ಮುನ್ನ ಮಾರ್ಚ್ 10ರಂದೇ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಖ್ಯಾತ ಜಾಗತಿಕ ಲೆಕ್ಕ ನಿಂತಿತ್ತು. ಸ್ಥಳೀಯ ಸೇವೆಗಳೂ ಒಂದೊಂದಾಗಿ ಕಿರಿದಾದವು. ಮನೆಯಲ್ಲಿ ಮಾಡಿಕೊಂಡ ಪರೀಕ್ಷೆಗಳು ಲೆಕ್ಕಕ್ಕೆ ಸಿಗದ ಮೇಲೆ ದಿನದ ಪ್ರಕರಣಗಳ ಸಂಖ್ಯೆಗೆ ಅರ್ಥ ಉಳಿದಿರಲಿಲ್ಲವಾದ್ದರಿಂದ ಅದನ್ನು ನಿಲ್ಲಿಸಿದ್ದನ್ನು ನಾನು ಒಪ್ಪುತ್ತೇನೆ. ಒಳಚರಂಡಿ ನೀರಿನಲ್ಲಿ ವೈರಸ್ಸಿನ ಪ್ರಮಾಣವನ್ನು ಅಳೆಯುವ ಕ್ರಮ ಹಲವೆಡೆ ಉಳಿದಿದೆ, ಮತ್ತು ಈಗ ಈ ಸೇವೆಯಲ್ಲಿ ಅತಿ ಉಪಯುಕ್ತವಾದದ್ದು ಅದೇ. ಯಾರೂ ಪರೀಕ್ಷೆ ಮಾಡಿಸಿಕೊಳ್ಳದಿದ್ದರೂ ಆ ನೀರು ಊರಿನ ಸ್ಥಿತಿಯನ್ನು ಹೇಳುತ್ತದೆ, ಆಸ್ಪತ್ರೆಗೆ ಜನ ಬರುವುದಕ್ಕೆ ಕೆಲವು ದಿನ ಮೊದಲೇ ಏರಿಕೆಯನ್ನು ತೋರಿಸುತ್ತದೆ.

ಈಗ ಇಂಥ ಸೇವೆಯನ್ನು ಬಳಸುವವರು ವಾರಕ್ಕೊಮ್ಮೆ ಒಳಚರಂಡಿ ನೀರಿನ ರೇಖಾಚಿತ್ರವನ್ನು ನೋಡಿದರೆ ಸಾಕು. ವಯಸ್ಸಾದವರೂ ರೋಗನಿರೋಧಕ ಶಕ್ತಿ ಕುಂದಿದವರೂ ಆ ರೇಖೆ ಏರುತ್ತಿರುವ ವಾರಗಳಲ್ಲಿ ಜನ ತುಂಬಿದ ಒಳಾಂಗಣಕ್ಕೆ ಹೋಗುವಾಗ ಸರಿಯಾಗಿ ಕೂರುವ ಎನ್95 ಅಥವಾ ಎಫ್‌ಎಫ್‌ಪಿ2 ಮಾಸ್ಕ್ ಧರಿಸುವುದು, ಹೊಸ ತಳಿಗೆ ತಕ್ಕಂತೆ ಪರಿಷ್ಕರಿಸಿದ ಲಸಿಕೆಯ ಡೋಸ್ ತಮಗೆ ಬಾಕಿ ಇದೆಯೇ ಎಂದು ವೈದ್ಯರಲ್ಲಿ ವಿಚಾರಿಸುವುದು ಒಳ್ಳೆಯದು. ಉಳಿದ ಪುಟಗಳನ್ನು ಓದುವ ಮುನ್ನ ಕೊನೆಯ ಬಾರಿ ಪರಿಷ್ಕರಿಸಿದ ದಿನಾಂಕವನ್ನು ನೋಡಬೇಕು. ಎರಡು ಡೋಸ್ ಪಡೆದರೆ ಲಸಿಕೆ ಪೂರ್ಣವಾಯಿತು ಎಂದು 2021ರಲ್ಲಿ ಬರೆದ ಪುಟಗಳು ದಿನಾಂಕವೂ ಇಲ್ಲದೆ, ಈ ಪುಟ ಸ್ಥಗಿತಗೊಂಡಿದೆ ಎಂಬ ಸೂಚನೆಯೂ ಇಲ್ಲದೆ ಹುಡುಕಾಟದಲ್ಲಿ ಮೊದಲಿಗೇ ಸಿಗುತ್ತವೆ. ಅವುಗಳ ನೆತ್ತಿಯ ಮೇಲೆ ಒಂದು ಸಾಲಿನ ಎಚ್ಚರಿಕೆ ಹಾಕುವ ಕೆಲಸವನ್ನು ಇಲಾಖೆಗಳು ಈ ವಾರವೇ ಮಾಡಿ ಮುಗಿಸಬಹುದು.